ಅಪ್ಪನ ಹೆಸರು ಹದಿನಾರು ಸಲ

ಇದರಲ್ಲಿ ಯಾರ ಹೆಸರೂ ಬರುವುದಿಲ್ಲ. ಅಪ್ಪನ ಹೆಸರು ಬರೆಯಕೂಡದು ಎಂದು ಅವ್ವ ಮೊದಲೇ ತಾಕೀತು ಮಾಡಿದ್ದಾಳೆ. ನಾನು ಬರೆದದ್ದನ್ನೆಲ್ಲ ನನ್ನಿಂದಲೇ ಓದಿಸಿ ಕೇಳುವವಳು ಅವಳು, ಹಾಗಾಗಿ ಕದ್ದು ಬರೆಯುವ ಹಾಗೂ ಇಲ್ಲ. ಅಪ್ಪನದನ್ನು ಬಿಟ್ಟು ಉಳಿದವರ ಹೆಸರು ಬರೆದರೆ ಅಪ್ಪ ಮುನಿಸಿಕೊಳ್ಳುತ್ತಾನೆ. ಮುನಿಸಿಕೊಂಡರೆ ಚಹಾ ಬಿಡುತ್ತಾನೆ, ಚಹಾ ಬಿಟ್ಟರೆ ಅವನಿಗೆ ತಲೆನೋವು, ತಲೆನೋವಿನ ಗುಳಿಗೆ ತರಲು ಓಣಿಯ ತುದಿಯವರೆಗೆ ನಾನೇ ಹೋಗಬೇಕು. ಅದಕ್ಕಿಂತ ಯಾರ ಹೆಸರೂ ಇಲ್ಲದಿರುವುದೇ ಮೇಲು.

ನಾನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮನೆ ರಾಯಚೂರಿನಲ್ಲಿ, ದಿನಾ ಬಸ್ಸಿನ ಓಡಾಟ. ಗಂಡ ಸಿಂಧನೂರಿನಲ್ಲಿ ನೌಕರಿ ಮಾಡುತ್ತಾರೆ, ಭಾನುವಾರ ಬರುತ್ತಾರೆ. ಅವ್ವ ಅಪ್ಪ ನನ್ನ ಜೊತೆಗೇ ಇದ್ದಾರೆ. ಅವ್ವ ದೇವದುರ್ಗದ ಕಡೆಯವಳು. ಅರ್ಧ ಆಯುಷ್ಯ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ನನ್ನನ್ನು ಓದಿಸಿದಳು. ಅಪ್ಪ ಬಸ್ ಕಂಡಕ್ಟರ್ ಆಗಿದ್ದ. ನಿವೃತ್ತನಾದರೂ ದನಿ ನಿವೃತ್ತವಾಗಿಲ್ಲ. ಅಡುಗೆಮನೆಯಿಂದ ನೀರು ಬೇಕೆಂದರೆ ಅವನು ಕೇಳುವ ದನಿಗೆ ಎದುರುಮನೆಯವರು ನೀರು ತಂದುಕೊಟ್ಟ ದಿನವೂ ಉಂಟು.

ನಮ್ಮ ಮೇಲಿನ ಕೋಣೆ ಬಾಡಿಗೆಗೆ ಖಾಲಿ ಇತ್ತು. ಕೃಷಿ ಕಾಲೇಜಿನಲ್ಲಿ ಬೀಜದ ಬಗ್ಗೆ ಎರಡು ವರ್ಷ ಓದಲು ಆಫ್ರಿಕಾದ ಜಾಂಬಿಯಾದಿಂದ ಬಂದಿದ್ದ ಒಬ್ಬನು ಒಂದು ಬೆಳಿಗ್ಗೆ ಎರಡು ಚೀಲ ಹೊತ್ತುಕೊಂಡು ಬಂದು ಕೋಣೆ ಕೇಳಿದ. ಇಪ್ಪತ್ತೇಳರ ಪ್ರಾಯ, ಬಾಗಿಲಿಗೆ ತಲೆ ಬಗ್ಗಿಸಬೇಕಾದಷ್ಟು ಎತ್ತರ. ಒಂದು ಚೀಲದಲ್ಲಿ ಬಟ್ಟೆ. ಇನ್ನೊಂದನ್ನು ಮಗು ಇಳಿಸಿದ ಹಾಗೆ ಇಳಿಸಿದ. ಅದರಲ್ಲಿ ಮೈಕು, ಪುಟ್ಟ ಕೀಬೋರ್ಡು, ವೈರಿನ ಸಿಂಬೆಗಳು. ಊರಲ್ಲಿ ಏನು ಮಾಡುತ್ತಿದ್ದಿ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. ತಾನು ರ‍್ಯಾಪರ್, ಹಾಡಿನ ಪ್ರೊಡ್ಯೂಸರ್ ಎಂದ.

ಪ್ರೊಡ್ಯೂಸರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಪ್ಪ ಬನಿಯನ್ ಮೇಲೆ ಅಂಗಿ ತೊಟ್ಟು ಬಂದ.

“ಪ್ರೊಡ್ಯೂಸರ್ ಅಂದ್ರ ಪಿಚ್ಚರಿಗೆ ರೊಕ್ಕ ಹಾಕಾವ್ರು. ಇವರಿಗೆ ಕುರ್ಚಿ ಕೊಡಬೇ,” ಎಂದು ನನಗೆ ಗದರಿದ.

ಸಿನಿಮಾ ಅಲ್ಲ, ಹಾಡಿಗೆ ತಾಳ ಕೂಡಿಸಿ, ದನಿ ಹಿಡಿದು, ಕತ್ತರಿಸಿ ಹೊಂದಿಸುವವನು ಎಂದು ನಾನು ಬಿಡಿಸಿ ಹೇಳಿದೆ.

“ಅಂದ್ರ ಬಾಜಾದವ,” ಎಂದವನೇ ಅಪ್ಪ ಕುರ್ಚಿಯಲ್ಲಿ ತಾನೇ ಕುಳಿತ.

ಆದರೂ ಆ ಹೆಸರು ನಿಂತುಬಿಟ್ಟಿತು. ಅವತ್ತಿನಿಂದ ಅವನು ಇಡೀ ಓಣಿಗೆ ಪ್ರೊಡ್ಯೂಸರ್. ಹಾಲಿನವನಿಗೂ ಪ್ರೊಡ್ಯೂಸರ್, ಇಸ್ತ್ರಿಯವನಿಗೂ ಪ್ರೊಡ್ಯೂಸರ್. ಅವ್ವ ಮಾತ್ರ ತಮ್ಮಾ ಎನ್ನುತ್ತಿದ್ದಳು.

ಅವನ ಸಂಗೀತದ ಪೂರ್ವಕಥೆ ಒಂದು ತಿಂಗಳಲ್ಲಿ ನಮಗೆಲ್ಲ ಬಾಯಿಪಾಠವಾಯಿತು. ಊರಲ್ಲಿ ಅವನು ಬೇರೆಯವರಿಗೆ ಮಾಡಿಕೊಟ್ಟ ಹಾಡುಗಳು ಚೆನ್ನಾಗಿ ಓಡಿದ್ದವು. ಚರ್ಚಿನ ಹೆಂಗಸರಿಗೆ ಮಾಡಿದ್ದು ಓಡಿತು, ಸೋಪಿನ ಜಾಹೀರಾತಿಗೆ ಮಾಡಿದ್ದು ಓಡಿತು. ತಾನೇ ಹಾಡಿದ್ದು ಮಾತ್ರ ಕುಂಟಿತು. ಅಲ್ಲಿಯ ಬಾಡಿಗೆ ವ್ಯಾನುಗಳಲ್ಲಿ ಅವನ ಹಾಡು ಹಾಕಿದಾಗ ಜನ ತಲೆ ಅಲ್ಲಾಡಿಸಿದರಂತೆ, ಕಾಲು ಅಲ್ಲಾಡಿಸಲಿಲ್ಲವಂತೆ. ಅವನ ತಾಯಿ ಅಲ್ಲಿ ಆಸ್ಪತ್ರೆಯಲ್ಲಿ ನರ್ಸು, ನೆಟ್ಟಗೆ ಮಾತಾಡುವ ಹೆಂಗಸು. ಅವಳೇ ಬೀಜದ ಓದಿಗೆ ಕಳಿಸಿದ್ದಳು, ಕಳಿಸುವಾಗ ಒಂದು ಶರತ್ತು ಹಾಕಿದ್ದಳು. ಓದು ಮುಗಿಯುವುದರೊಳಗೆ ಅವನು ತನ್ನದೇ ಆದ ಒಂದು ಹಾಡು ಮಾಡಬೇಕು. ಅದನ್ನು ಕೇಳಿ ಯಾರೂ ಹೇಳದೆ ಜನ ತಾವಾಗಿ ಎದ್ದು ಕುಣಿಯಬೇಕು. ಅದನ್ನು ಅವಳು ಕಣ್ಣಾರೆ ನೋಡಬೇಕು. ಆಗದಿದ್ದರೆ ಮೈಕು ಮಾರಿ, ಅಂಗಿಯ ಗುಂಡಿ ಹಾಕಿಕೊಂಡು ಬೀಜದ ಆಫೀಸಿಗೆ ಹೋಗಬೇಕು. ಸಂಗೀತದ ಮಾತು ಮತ್ತೆ ಮನೆಯಲ್ಲಿ ಎತ್ತಕೂಡದು. ಅವನು ಒಪ್ಪಿ ಬಂದಿದ್ದ.

ಮೇಲಿನ ಕೋಣೆಯಲ್ಲಿ ಸ್ಟುಡಿಯೋ ಎದ್ದಿತು. ಹೊರಗಿನ ಸದ್ದು ಒಳಗೆ ಬರಬಾರದೆಂದು ಗೋಡೆಗೆ ದಪ್ಪ ಬಟ್ಟೆ ಬೇಕೆಂದ. ಅವ್ವ ತಾನು ಹಳೆ ಸೀರೆ ಕೂಡಿಸಿ ಹೊಲಿದ ಒಂಬತ್ತು ಕೌದಿ ಕೊಟ್ಟಳು. ರಾಯಚೂರಿನಲ್ಲಿ ಕೌದಿಗೆ ಬೇರೆ ಕೆಲಸವೂ ಇರಲಿಲ್ಲ, ಹೊದ್ದುಕೊಳ್ಳುವಂಥ ಚಳಿ ಇಲ್ಲಿ ನೆಂಟರ ಹಾಗೆ ಬಂದು ಹೋಗುತ್ತದೆ. ಫ್ಯಾನಿನ ಸದ್ದು ಮೈಕಿಗೆ ಬೀಳುತ್ತದೆಂದು ರೆಕಾರ್ಡಿಂಗ್ ಹೊತ್ತಿಗೆ ಫ್ಯಾನೂ ಬಂದ್. ಮಾರ್ಚ್ ತಿಂಗಳ ಮಧ್ಯಾಹ್ನ, ಮೇಲೆ ಕಾದ ಮಾಳಿಗೆ, ಸುತ್ತ ಒಂಬತ್ತು ಕೌದಿ, ತಲೆಯ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು ಅವನು ಹಾಡುತ್ತಿದ್ದ. ಕೆಳಗಿಳಿದು ಬಂದಾಗ ಬಾವಿಯಿಂದ ಎತ್ತಿದವನ ಹಾಗೆ ತೊಯ್ದಿರುತ್ತಿದ್ದ. ಅವ್ವ ಒಂದು ತಂಬಿಗೆ ಮಜ್ಜಿಗೆ ಹಿಡಿದು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದಳು. ಮಜ್ಜಿಗೆ ಕುಡಿಯುತ್ತ ಅವಳ ಹತ್ತಿರವೇ ಕನ್ನಡ ಕಲಿತ. ಹಾಗಾಗಿ ಅವನ ಬಾಯಲ್ಲಿ ಬರುತ್ತಿದ್ದದ್ದು ದೇವದುರ್ಗದ ಮುದುಕಿಯರ ಕನ್ನಡ. ಆರಡಿ ಮೀರಿದ ಗಂಡಸು ಕಾಲಿಗೆ ಕಲ್ಲೆಡವಿದರೆ, “ಅಯ್ಯ ನಮ್ಮವ್ವ, ಎಂಥಾ ಸುಡಗಾಡ ಕಲ್ಲಬೇ ಇದು,” ಎಂದು ಗಲ್ಲಕ್ಕೆ ಕೈ ಹಚ್ಚಿಕೊಳ್ಳುತ್ತಿದ್ದ. ತಿದ್ದಬೇಕೆಂದು ನನಗೆ ಅನಿಸಲೇ ಇಲ್ಲ.

ರಾಯಚೂರು ಜಿಲ್ಲೆಯಲ್ಲಿ ಅವನ ಮೊದಲ ಕೆಲಸ ದೇವದುರ್ಗದ ಒಂದು ಪಾತ್ರೆ ಅಂಗಡಿಯ ಪ್ರಚಾರದ ಹಾಡು. ಆಟೋದಲ್ಲಿ ಹಾಕಿಕೊಂಡು ಊರು ಸುತ್ತುವಂಥದ್ದು. ಅವನು ನಮ್ಮ ಅಡುಗೆಮನೆಯ ಕೊಡ, ಪರಾತ, ಸವಟು ಎಲ್ಲ ಮೇಲೆ ಒಯ್ದು ಎರಡು ದಿನ ಬಡಿದು ತಾಳ ಮಾಡಿದ. ಅವ್ವ ಒಂದೇ ಪಾತ್ರೆಯಲ್ಲಿ ಅನ್ನವನ್ನೂ ಸಾರನ್ನೂ ಒಂದರ ಹಿಂದೊಂದು ಮಾಡಿದಳು. ಹಾಡು ನಿಜಕ್ಕೂ ಚೆನ್ನಾಗಿತ್ತು. ಸಂತೆಯ ದಿನ ಆಟೋ ಹೊರಟಿತು. ತಗಡು ಬಡಿಯುವ ಸದ್ದು ಕೇಳಿದ ಓಣಿ ಓಣಿಯ ಹೆಂಗಸರು ಇದು ಹಳೆ ಪಾತ್ರೆ ಕೊಳ್ಳುವ ಗುಜರಿಯವನ ಗಾಡಿ ಎಂದು ತಿಳಿದು, ತೂತು ಬಿದ್ದ ಕೊಡ, ಕಿವಿ ಮುರಿದ ಬೋಗುಣಿ ಹೊತ್ತುಕೊಂಡು ಆಟೋದ ಹಿಂದೆ ಬಿದ್ದರು. ಅಂಗಡಿಯವರೆಗೂ ಬಂದರು. ಅಂಗಡಿಯವನು ಕೈಮುಗಿದು ಬಾಗಿಲು ಎಳೆದುಕೊಂಡನಂತೆ.

“ಜನ ಬಂದ್ರಲ್ಲೋ ತಮ್ಮಾ,” ಎಂದು ಅವ್ವ ಸಮಾಧಾನ ಮಾಡಿದಳು.

“ಬಂದ್ರು ಯವ್ವಾ. ಕುಣೀಲಿಲ್ಲ,” ಎಂದ ಅವನು.

ಆಮೇಲೆ ಕಾಲೇಜಿನ ಕಾರ್ಯಕ್ರಮದಲ್ಲಿ ಹಾಡಿದ. ಹುಡುಗರೆಲ್ಲ ಫೋನು ಎತ್ತಿ ಹಿಡಿದು ವೀಡಿಯೋ ಮಾಡಿದರು. ಕೈಯಲ್ಲಿ ಫೋನು ಇದ್ದರೆ ಯಾರು ತಾನೆ ಕುಣಿಯುತ್ತಾರೆ, ಚಿತ್ರ ಅಲ್ಲಾಡುತ್ತದಲ್ಲ! ನಾನೂ ಹೋಗಿದ್ದೆ. ಅವನ ಹಾಡಿನಲ್ಲಿ ನಾನು ಗಮನಿಸಿದ್ದು ಒಂದೇ. ನಾಲ್ಕು ಸಾಲಿಗೊಮ್ಮೆ ತನ್ನ ಹೆಸರನ್ನೇ ಹೇಳುತ್ತಿದ್ದ. ಯಾಕೆ ಹೀಗೆ ಹಾಜರಿ ಹಾಕಿಕೊಳ್ಳುತ್ತೀ ಎಂದು ಕೇಳಿದೆ. ತಮ್ಮ ಕಸುಬೇ ಹಾಗೆ ಎಂದ. ಹೆಸರು ಎಷ್ಟು ಸಲ ಬಂದರೆ ಅಷ್ಟು ಗೌರವ, ಕೇಳಿದವರು ಮನೆಗೆ ಹೋಗುವಾಗ ಹೆಸರೇ ಬಾಯಲ್ಲಿರಬೇಕು ಎಂದ.

ಈ ಮಾತನ್ನು ನಾನು ಅವತ್ತೇ ಗಂಟು ಕಟ್ಟಿಟ್ಟುಕೊಳ್ಳಬೇಕಿತ್ತು.

ಯಾಕೆಂದರೆ ನಮ್ಮವ್ವನ ಕಸುಬು ಇದಕ್ಕೆ ಪೂರಾ ತದ್ವಿರುದ್ಧ. ಅವಳು ಗಂಡನ ಹೆಸರನ್ನು ಬಾಯಲ್ಲಿ ತರುವವಳಲ್ಲ. ತಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳವ್ವ ಹೇಳಿಕೊಟ್ಟದ್ದು. ಅಪ್ಪನನ್ನು ಕರೆಯುವುದು “ಕೇಳಾಕತ್ತೀರೇನು” ಎಂದು. ಆಧಾರ್ ಕಾರ್ಡಿನ ಸಾಲಿನಲ್ಲಿ ಗಂಡನ ಹೆಸರೇನಮ್ಮ ಎಂದು ಕೇಳಿದರೆ ತುಟಿ ಹೊಲಿದುಕೊಂಡು ನನ್ನ ಕಡೆ ತಿರುಗಿದವಳು. ನಾನು ಇಲ್ಲದ ದಿನ ಬ್ಯಾಂಕಿನಲ್ಲಿ ಹಿಂದೆ ನಿಂತಿದ್ದ ಗುರುತಿಲ್ಲದ ಗಂಡಸಿನ ಕೈಯಲ್ಲಿ ಪಾಸ್‌ಬುಕ್ಕು ಕೊಟ್ಟು, “ಸ್ವಲ್ಪ ಜೋರಾಗಿ ಓದ್ರೀ ಯಪ್ಪಾ,” ಎಂದು ಕೆಲಸ ಮುಗಿಸಿಕೊಂಡು ಬಂದವಳು. ಹೆಸರು ಹೇಳಲು ಅವಳಿಗೆ ಇರುವುದು ಒಂದೇ ದಾರಿ, ಒಡಪು. ಮದುವೆ, ಬಸುರಿಯ ಕುಬಸ ಇಂಥ ಕಡೆ ಹೆಂಗಸರು ಸುತ್ತುವರಿದು ಹೆಸರು ಹೇಳು ಎಂದು ಕಾಡಿದಾಗ, ಪ್ರಾಸ ಕೂಡಿಸಿದ ಎರಡು ಮೂರು ಸಾಲು ಕಟ್ಟಿ, ಅದರ ನಡುವೆ ಗಂಡನ ಹೆಸರನ್ನು ಹುದುಗಿಸಿ, ಒಂದೇ ಸಲ, ಥಟ್ಟನೆ ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವುದು. ಹೀಗೆ ಹೇಳಿದರೆ ಆಯುಷ್ಯಕ್ಕೆ ಧಕ್ಕೆ ಇಲ್ಲ. ಈ ವಿಷಯದಲ್ಲಿ ನಮ್ಮವ್ವನನ್ನು ಮೀರಿಸುವವರು ದೇವದುರ್ಗದಲ್ಲಿ ಇರಲಿಲ್ಲ. ನಾನು ಗಂಡನನ್ನು ಹೆಸರು ಹಿಡಿದೇ ಕರೆಯುವವಳು, ನನಗೆ ಒಡಪಿನ ಹಂಗಿಲ್ಲ.

ಎದುರುಮನೆಯ ಸೊಸೆಯ ಕುಬಸದ ದಿನ ಪ್ರೊಡ್ಯೂಸರ್ ಊಟಕ್ಕೆ ಬಂದಿದ್ದ. ಹೋಳಿಗೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದವನು ಒಳಗೆ ಹೆಂಗಸರು ಒಡಪಿನ ಮೇಲೆ ಒಡಪು ಹಾಕುವುದನ್ನು ಕೇಳಿದ. ಒಬ್ಬಳದು ಮುಗಿಯುವುದರೊಳಗೆ ಇನ್ನೊಬ್ಬಳು, ಅವಳನ್ನು ಹೀಯಾಳಿಸಿ ಮತ್ತೊಬ್ಬಳು. ಕೊನೆಗೆ ಅವ್ವ ಮೂರು ಒಡಪು ಬಿಟ್ಟು ಎಲ್ಲರ ಬಾಯಿ ಕಟ್ಟಿದಳು. ಅವನ ತಟ್ಟೆಯಿಂದ ತುಪ್ಪ ಸೋರಿ ಚಪ್ಪಲಿಯ ಮೇಲೆ ಬೀಳುತ್ತಿತ್ತು.

“ಟೀಚರಕ್ಕಾ,” ಎಂದು ನನ್ನ ತೋಳು ಹಿಡಿದ, “ಇವರು ನಮ್ಮ ಮಂದಿಬೇ, ರ‍್ಯಾಪರ್ ಮಂದಿ!”

ಒಂದು ತಿಂಗಳು ಅವ್ವನ ಮುಂದೆ ಕುಳಿತು ಒಡಪು ಕಟ್ಟುವುದನ್ನು ಕಲಿತ. ಮೊದಲ ಒಡಪನ್ನು ಓಣಿಯ ಹೆಂಗಸರ ಮುಂದೆ ಎದೆ ಉಬ್ಬಿಸಿ ಹೇಳಿದ:

ರೊಟ್ಟಿ ಮ್ಯಾಲ ಶೇಂಗಾ ಚಟ್ನಿ, ಚಟ್ನಿ ಮ್ಯಾಲ ಎಣ್ಣಿ,
———ನ ಮಾತಂದ್ರ ಮಜ್ಜಿಗಿ ಮ್ಯಾಲಿನ ಬೆಣ್ಣಿ!

ಗೆರೆ ಎಳೆದ ಕಡೆ ಅವನು ಹೇಳಿದ್ದು ತನ್ನದೇ ಹೆಸರು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. “ತನಗ ತಾನ ಗಂಡ ಆಗ್ಯಾನ ನೋಡವ್ವಾ,” ಎಂದು ಒಬ್ಬಳು ಕಣ್ಣೊರೆಸಿಕೊಂಡಳು. ಯಾಕೆ ನಗುತ್ತಾರೆಂದು ಅವನಿಗೆ ತಿಳಿಯಲೇ ಇಲ್ಲ, ಆದರೆ ಅವನ ಹಾಡಿಗೆ ಇಷ್ಟು ಗದ್ದಲ ಎಂದೂ ಎದ್ದಿರಲಿಲ್ಲ. ಓದು ಮುಗಿಯಲು ಇನ್ನು ಎರಡೇ ತಿಂಗಳು ಉಳಿದಿತ್ತು. ಅವ್ವನ ಒಡಪು, ತನ್ನ ರ‍್ಯಾಪು ಕೂಡಿಸಿ ಒಂದು ಹಾಡು ಮಾಡುವುದೆಂದು ನಿಶ್ಚಯಿಸಿದ. ಅದನ್ನು ಹಾಕಲು ಜಾಗವೂ ಸಿಕ್ಕಿತು. ಮಾನ್ವಿಯಲ್ಲಿ ಅಪ್ಪನ ತಮ್ಮನ ಮಗಳ ಮದುವೆ.

ಅವ್ವ ಒಂದು ವಾರ ಬೇಡವೆಂದಳು. ಎಂಟನೇ ದಿನ ತಾನೇ ಶರತ್ತು ಹಾಕಿದಳು.

“ಅವರು ಮನ್ಯಾಗ ಇರಬಾರ್ದು. ಇದ್ರ ನನ್ನ ಬಾಯಾಗ ಬರೂದಿಲ್ಲ. ಮತ್ತ ಹೆಸರು ಒಂದ ಸಲ ಅಂತೀನಿ. ಎರಡನೇ ಸಲ ಅನ್ನು ಅಂದಿ ಅಂದ್ರ ನನ್ನ ಕೌದಿ ಕಿತ್ತುಕೊಂಡು ಹೋಗ್ತೀನಿ, ತಿಳೀತಿಲ್ಲೋ?”

“ಆತು ಯವ್ವಾ. ಒಂದ ಸಲ,” ಎಂದು ಅವನು ಗಂಟಲು ಮುಟ್ಟಿಕೊಂಡು ಆಣೆ ಮಾಡಿದ.

ಅಪ್ಪನನ್ನು ಹಸಿಮೆಣಸಿನಕಾಯಿ ತರಲು ಗಿಲ್ಲೆಸುಗೂರಿಗೆ ಕಳಿಸಿದೆವು. ರಾಯಚೂರಿನಲ್ಲಿ ಮೆಣಸಿನಕಾಯಿಗೆ ಏನು ಬರವೇ, ಆದರೆ ಬಸ್ಸು ಹತ್ತುವುದೆಂದರೆ ಅಪ್ಪ ಕಾರಣ ಕೇಳುವುದಿಲ್ಲ. ಅವ್ವ ಫ್ಯಾನಿಲ್ಲದ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ನನಗೂ ಗೋಡೆಯ ಕಡೆ ಮುಖ ಮಾಡಲು ಹೇಳಿ, ಒಂದೇ ಉಸಿರಿಗೆ ಹೇಳಿದಳು:

ದೇವದುರ್ಗದ ದಾರಿಗುಂಟ ಜಾಲಿ ಮುಳ್ಳು,
ಮಾನ್ವಿ ಸಂತ್ಯಾಗ ತಂದೀನಿ ಎಳ್ಳು,
‘ಈಗ ಬಂದೆ’ ಅಂತಾರ ——— ಅವರು, ಬರೀ ಸುಳ್ಳು!

ನಿಜ, ಊಟಕ್ಕೆ ಕರೆದರೆ ಅಪ್ಪ ಈಗ ಬಂದೆ ಎನ್ನುತ್ತಾನೆ, ಬರುವುದಿಲ್ಲ. ಬಸ್ಸು ಹೊರಡುವ ಹೊತ್ತು ಗೊತ್ತಿದ್ದ ಮನುಷ್ಯನಿಗೆ ರೊಟ್ಟಿ ಆರುವ ಹೊತ್ತು ಮಾತ್ರ ಇನ್ನೂ ಗೊತ್ತಾಗಿಲ್ಲ.

ಹಾಡು ಸಿದ್ಧವಾದ ದಿನ ಪ್ರೊಡ್ಯೂಸರ್ ಹೆಡ್‌ಫೋನು ತಂದು, “ಟೀಚರಕ್ಕಾ, ಒಮ್ಮೆ ಕೇಳಿ ಹೇಳು, ತಪ್ಪೇನಾರ ಅದ ಏನು?” ಎಂದ. ನನ್ನ ಮುಂದೆ ಉತ್ತರ ಪತ್ರಿಕೆಗಳ ಗುಡ್ಡೆ. ಒಬ್ಬ ವಿದ್ಯಾರ್ಥಿ ತ್ರಿಕೋನಕ್ಕೆ ನಾಲ್ಕು ಮೂಲೆ ಬರೆದಿದ್ದ, ನನ್ನ ಸಿಟ್ಟು ನೆತ್ತಿಗೇರಿತ್ತು. ಹೆಡ್‌ಫೋನನ್ನು ಕಿವಿಗೆ ಹಾಕಿ, ತಾಳ ಶುರುವಾಗುತ್ತಲೇ ತೆಗೆದು, “ಚೊಲೊ ಅದ ಹೋಗು,” ಎಂದೆ. ಮುಂದೆ ಆದದ್ದರಲ್ಲಿ ಅರ್ಧ ಪಾಪ ನನ್ನದು. ಗಣಿತದವಳು ನಾನು, ಅರ್ಧ ಎಂದರೆ ಸರಿಯಾಗಿ ಅರ್ಧ.

ಮದುವೆಯ ದಿನ ಅವ್ವ ಇಳಕಲ್ ಸೀರೆ ಉಟ್ಟು, ಮುಂದಿನ ಸಾಲಿನಲ್ಲಿ ಅಪ್ಪನ ಅಕ್ಕನ ಪಕ್ಕ ಕುಳಿತಿದ್ದಳು. ಈ ಸೋದರತ್ತೆಯನ್ನು ಕಂಡರೆ ಅವ್ವನಿಗೆ ಇವತ್ತಿಗೂ ಅಂಜಿಕೆ. ಅವ್ವ ಹೊಸ ಸೊಸೆಯಾಗಿ ಬಂದಾಗ ಸೆರಗು ಜಾರಿತು ಎಂದು ಮೂರು ದಿನ ಮಾತು ಬಿಟ್ಟವಳು ಆಕೆ. ಅಕ್ಷತೆ ಬಿತ್ತು, ಮಂದಿ ಊಟಕ್ಕೆ ಎದ್ದರು. ಅರ್ಧ ಜನ ಪಂಕ್ತಿಯಲ್ಲಿ, ಅರ್ಧ ಜನ ಕುರ್ಚಿಯಲ್ಲಿ ಕಾಯುತ್ತಿದ್ದಾರೆ. ಡಿಜೆಯವನು ಪ್ರೊಡ್ಯೂಸರನ ಪೆನ್‌ಡ್ರೈವ್ ಚುಚ್ಚಿ, ಗುಂಡಿ ಒತ್ತಿ, ತಾನೂ ಹುಗ್ಗಿ ಉಣ್ಣಲು ಹೋದ. ಪ್ರೊಡ್ಯೂಸರ್ ತನ್ನ ತಾಯಿಗೆ ವೀಡಿಯೋ ಕರೆ ಮಾಡಿ, ಫೋನನ್ನು ನನ್ನ ಕೈಗೆ ಕೊಟ್ಟು, ಜನರ ಕಡೆ ಹಿಡಿ ಎಂದ. ತಾಯಿ ಆಸ್ಪತ್ರೆಯ ಬಿಳಿ ಉಡುಪಿನಲ್ಲೇ ಇದ್ದಳು. ನಗಲಿಲ್ಲ, ಕಾಯುತ್ತಿದ್ದಳು. ಇನ್ನು ಹತ್ತು ದಿನಕ್ಕೆ ಅವನ ವಿಮಾನ.

ತಾಳ ಶುರುವಾಯಿತು. ಅವನ ರ‍್ಯಾಪು ಬಂತು, ರೊಟ್ಟಿ, ಬೆಣ್ಣಿ, ರಾಯಚೂರಿನ ಬಿಸಿಲು ಎಲ್ಲ ಬಂತು. ಜನ ತಲೆ ಅಲ್ಲಾಡಿಸಿದರು. ಕಾಲು ಅಲ್ಲಾಡಲಿಲ್ಲ. ಆಮೇಲೆ ಅವ್ವನ ದನಿ, ಒಡಪು. ಹೆಂಗಸರ ಸಾಲು ಕಿಲಕಿಲ ಎಂದಿತು. “ಯವ್ವಾ ಇದು ನಿನ್ನ ದನಿ ಅಲ್ಲೇನು!” ಅವ್ವ ನಾಚಿ, ಬೀಗಿ, ಸೋದರತ್ತೆಯ ಕಡೆ ಓರೆಗಣ್ಣು ಹಾಯಿಸಿದಳು. ಒಡಪು ಮುಗಿಯಿತು. ತಾಳ ಒಂದು ಕ್ಷಣ ನಿಂತಿತು.

ಆಮೇಲೆ, ಮನುಷ್ಯರೆತ್ತರದ ನಾಲ್ಕು ಸ್ಪೀಕರಿನಲ್ಲಿ, ಅವ್ವನ ದನಿ ಅಪ್ಪನ ಹೆಸರು ಕರೆಯಿತು.

ಬರೀ ಹೆಸರು. ‘ಅವರು’ ಎಂಬುದೂ ಇಲ್ಲ. ಅದು ತಾಳದಿಂದ ಆಚೆ ಬೀಳುತ್ತಿತ್ತೆಂದು ಕತ್ತರಿಸಿ ಹಾಕಿದ್ದನಂತೆ. ಒಂದು ಪೆಟ್ಟು ಬಿಟ್ಟು ಮತ್ತೆ ಹೆಸರು. ಮತ್ತೊಂದು ಪೆಟ್ಟು, ಮತ್ತೆ ಹೆಸರು.

ನನಗೆ ಆಗ ತಿಳಿಯಿತು. ಅವನ ಕಸುಬಿನಲ್ಲಿ ಹಾಡಿನ ಮುಖ್ಯ ಮಾತನ್ನು ಮತ್ತೆ ಮತ್ತೆ ಹಾಕುತ್ತಾರೆ, ಅವನ ಪ್ರಕಾರ ಒಡಪಿನ ಮುಖ್ಯ ಮಾತು ಹೆಸರೇ. ಅವ್ವ ಒಂದೇ ಸಲ ಹೇಳಿದ್ದಳು, ಅವನು ಆಣೆ ಮುರಿದಿರಲಿಲ್ಲ. ಉಳಿದದ್ದನ್ನು ಯಂತ್ರ ಹೇಳುತ್ತಿತ್ತು.

ಬಡಿಸುವವನ ಸವಟು ಹುಗ್ಗಿಯಲ್ಲೇ ನಿಂತಿತು. ಅವ್ವ ಸೆರಗನ್ನು ಮುಖದ ಮೇಲೆ ಪೂರ್ತಿ ಎಳೆದುಕೊಂಡು, ಕುರ್ಚಿಯಲ್ಲೇ ಗಂಟಿನ ಹಾಗೆ ಮುದುಡಿದಳು. ಅವಳ ಭುಜ ಅಲ್ಲಾಡುತ್ತಿತ್ತು, ಅಳುತ್ತಿದ್ದಳು. ಸೋದರತ್ತೆಯ ಬಾಯಿ ತೆರೆದದ್ದು ತೆರೆದೇ ಇತ್ತು. ಪ್ರೊಡ್ಯೂಸರ್ ಸುತ್ತ ನೋಡಿ, ಏನೋ ಅನಾಹುತವಾಗಿದೆ ಎಂದು ತಿಳಿದು, ಏನೆಂದು ತಿಳಿಯದೆ ಕಂಬದ ಹಾಗೆ ನಿಂತಿದ್ದ. ನಾನು ಫೋನು ಹಿಡಿದೇ ಡಿಜೆಯ ಮೇಜಿನ ಕಡೆ ಓಡಿದೆ. ಅವನ ತಾಯಿಗೆ ಛತ್ರದ ಫ್ಯಾನು, ನನ್ನ ಮೂಗು, ಮತ್ತೆ ಫ್ಯಾನು ಕಾಣಿಸಿರಬೇಕು. ಮೇಜಿನ ಮೇಲೆ ನಲವತ್ತು ಗುಂಡಿ. ಕೆಂಪಗಿದ್ದದ್ದು ನಿಲ್ಲಿಸುವ ಗುಂಡಿ ಇರಬೇಕೆಂದು ತಿರುವಿದೆ. ಸದ್ದು ಎರಡು ಪಟ್ಟಾಯಿತು. ಈಗ ಅಪ್ಪನ ಹೆಸರು ಮಾನ್ವಿ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು.

ಐದನೇ ಸಲ ಹೆಸರು ಬಂದಾಗ ಪಂಕ್ತಿಯ ತುದಿಯಿಂದ ಒಂದು ದನಿ ಎದ್ದಿತು.

“ಓ!”

ಅಪ್ಪ. ಎಂಜಲು ಕೈಯಲ್ಲೇ ಎದ್ದು ನಿಂತಿದ್ದ. ಸ್ಪೀಕರಿನ ಕಡೆ ಮುಖ ಮಾಡಿ, ಕರೆದವರಿಗೆ ಓಗೊಡುವ ಹಾಗೆ, ತುಂಬಿದ ಬಸ್ಸಿನ ಹಿಂದಿನ ಸೀಟಿಗೆ ಮುಟ್ಟುವ ದನಿಯಲ್ಲಿ.

ಹೆಸರು. “ಓ!” ಹೆಸರು. “ಓ!”

ಎಂಟನೇ ಸಲಕ್ಕೆ ಮಕ್ಕಳು ಕೂಡಿಕೊಂಡರು. ಹತ್ತಕ್ಕೆ ಬಡಿಸುವವರು. ಹನ್ನೆರಡಕ್ಕೆ ಇಡೀ ಛತ್ರ ಓ ಎನ್ನುತ್ತಿತ್ತು. ಅಪ್ಪ ಪಂಕ್ತಿಯ ನಡುವೆ ಬಂದು ಎರಡೂ ಕೈ ಮೇಲೆತ್ತಿ ಕುಣಿಯತೊಡಗಿದ. ಅವನಿಗೆ ಕುಣಿತ ಬರುವುದಿಲ್ಲ. ಹಳ್ಳ ಹಾರುವ ಬಸ್ಸಿನಲ್ಲಿ ಟಿಕೆಟ್ ಹರಿಯುವವನು ಸಮತೋಲ ಹಿಡಿಯುತ್ತಾನಲ್ಲ, ಅದನ್ನೇ ಮಾಡಿದ. “ಒಳಗ ನಡೀರಿ, ಒಳಗ ನಡೀರಿ, ಮುಂದ ಜಾಗ ಅದ,” ಎಂದು ಕೂಗಿದ. ಜನ ನುಗ್ಗಿದರು. ಎಲ್ಲರಿಗಿಂತ ಮೊದಲು ಎದ್ದವಳು ಸೋದರತ್ತೆ! ಬಾಯಿ ಮುಚ್ಚಿ, ಸೆರಗು ಸಿಕ್ಕಿಸಿ, ತಮ್ಮನ ಎದುರು ನಿಂತು ಕುಣಿದಳು. ಅವಳ ಸೆರಗು ಜಾರಿದ್ದನ್ನು ಅವ್ವ ತನ್ನ ಸೆರಗಿನ ಸಂದಿಯಿಂದ ಸರಿಯಾಗಿ ನೋಡಿದಳು, ಆಮೇಲೆ ನನಗೆ ಹೇಳಿದಳು.

ಹದಿನಾರಕ್ಕೆ ಹೆಸರು ನಿಂತಿತು. ಮಂದಿ ಮತ್ತೆ ಹಾಕು ಎಂದು ಗಲಾಟೆ ಎಬ್ಬಿಸಿದರು, ಡಿಜೆಯವನು ಓಡಿ ಬಂದು ಮತ್ತೆ ಹಾಕಿದ. ನಾನು ಫೋನನ್ನು ಉಪ್ಪಿನಕಾಯಿ ಬಕೆಟಿಗೆ ಒರಗಿಸಿ ಜನರ ಕಡೆ ತಿರುಗಿಸಿದೆ. ಅವನ ತಾಯಿ ಬಹಳ ಹೊತ್ತು ನೋಡಿದಳು.

“ಮಧ್ಯದಲ್ಲಿರುವ ಆ ಮುದುಕ ಯಾರು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಮ್ಮಪ್ಪ, ಹಾಡಿನಲ್ಲಿರುವುದು ಅವನ ಹೆಸರು ಎಂದೆ.

“ನನ್ನ ಮಗನ ಹೆಸರು ಎಲ್ಲಿ?”

ಅದು ಒಂದು ಕಡೆ ಮಾತ್ರ ಬರುತ್ತದೆ, ಒಂದೇ ಸಲ, ಎಂದೆ.

“ಅಂತೂ ಕಲಿತ,” ಎಂದಳು ಅವಳು. ಆಮೇಲೆ ಬಿಳಿ ಉಡುಪಿನಲ್ಲೇ ಎದ್ದು ನಿಂತಳು. ಅವಳ ಭುಜ ಕುಣಿಯುತ್ತಿರುವುದು ಕಾಣಿಸಿತು, ಕಾಲು ಫೋನಿನಲ್ಲಿ ಕಾಣಲಿಲ್ಲ. ನಾನು ಕುಣಿಯಿತೆಂದೇ ಲೆಕ್ಕ ಹಿಡಿದೆ.

ಅವ್ವ ಮಾತ್ರ ಎರಡು ದಿನ ಯಾರ ಕೂಡವೂ ಮಾತಾಡಲಿಲ್ಲ. ಮನೆಗೆ ಬಂದವಳೇ ಒಂಬತ್ತೂ ಕೌದಿ ಕಿತ್ತುಕೊಂಡು ಕೆಳಗೆ ತಂದಳು. ಪ್ರೊಡ್ಯೂಸರ್ ಮೆಟ್ಟಿಲ ಮೇಲೆ ಮೋರೆ ಇಳಿಬಿಟ್ಟು ಕುಳಿತ. ಅವನ ತಾಯಿ ಮೈಕು ಮಾರಬೇಡ ಎಂದಿದ್ದಳು, ಆದರೂ ಅವನ ಮುಖದಲ್ಲಿ ಗೆಲುವಿಲ್ಲ. “ನಾ ಏನು ಮಾಡಿದ್ನಿಬೇ, ಯವ್ವ ಅತ್ಲು,” ಎಂದು ನನ್ನನ್ನು ಕೇಳಿದ. ನಾನು ಆಯುಷ್ಯದ ವಿಷಯ ಹೇಳಿದೆ. ಅವನು ತಲೆ ಹಿಡಿದುಕೊಂಡ.

ಮೂರನೇ ದಿನ ಅವ್ವ ನನ್ನ ಮುಂದೆ ಬಂದು ಕುಳಿತಳು.

“ನೀ ಲೆಕ್ಕದ ಟೀಚರ್ ಅದೀ. ಹದಿನಾರು ಸಲಕ್ಕ ಎಷ್ಟ ಆಯುಷ್ಯ ಕಮ್ಮಿ ಆಗ್ತದ, ಲೆಕ್ಕಾ ಹಾಕಿ ಹೇಳು.”

ನಾನು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆದ ಯಾವ ಸೂತ್ರವೂ ಇದಕ್ಕೆ ಹೊಂದಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಂಗಳದಲ್ಲಿ ಪೇಪರು ಓದುತ್ತಿದ್ದ ಅಪ್ಪ ಮಾತಾಡಿದ. ಅವತ್ತು ಅವನ ದನಿ ಎದುರುಮನೆಗೆ ಕೇಳುವಂತಿರಲಿಲ್ಲ.

“ಕಮ್ಮಿ ಏನೂ ಆಗೂದಿಲ್ಲ ತಗೋ. ಬಸ್ಸಿನಾಗ ಮಂದಿ ಕಂಡಕ್ಟರ್ ಅಂದ್ರು. ನಮ್ಮಕ್ಕ ತಮ್ಮಾ ಅಂದ್ಲು, ಮನ್ಯಾಗ ಇಕಿ ಅಪ್ಪಾ ಅಂದ್ಲು. ನೀ ಕೇಳಾಕತ್ತೀರೇನು ಅಂದಿ. ನಮ್ಮವ್ವ ಹ್ವಾದ ಮ್ಯಾಲ ನನ್ನ ಹೆಸರು ಹಿಡಿದು ಹೆಂಗಸಿನ ದನಿ ಒಂದೂ ಕರದಿದ್ದಿಲ್ಲ. ನನಗ ಒಂದ ಗಳಿಗಿ ನಮ್ಮವ್ವನೇ ಕರದ್ಲು ಅನಿಸ್ತು. ಅದಕ್ಕ ಓ ಅಂದೆ.”

ಅವ್ವ ಎದ್ದು, ಕೌದಿಗಳನ್ನು ಎರಡು ಸಲಕ್ಕೆ ಹೊತ್ತು ಮೇಲೆ ಒಯ್ದಳು. ನಾನು ಹಿಂದೆ ಹೋದೆ.

“ತಮ್ಮಾ, ಇವರ ‘ಓ’ನೂ ಹಾಡಿನಾಗ ಹಾಕು,” ಎಂದಳು. “ಹದಿನಾರೂ ಹಾಕು. ಒಂದೂ ಬಿಡಬ್ಯಾಡ.”

ಹಾಗೆ ಅಪ್ಪನೂ ಫ್ಯಾನಿಲ್ಲದ ಕೋಣೆಯಲ್ಲಿ ತಲೆಗೆ ಒದ್ದೆ ಟವೆಲ್ಲು ಹಾಕಿಕೊಂಡು ನಿಂತು ಹದಿನಾರು ಸಲ ಓ ಎಂದ. ಅವನ ದನಿಗೆ ಮೈಕನ್ನು ಬಾಗಿಲಾಚೆ ಇಡಬೇಕಾಯಿತು. ಪ್ರೊಡ್ಯೂಸರ್ ಹೋದ ಮೇಲೂ ಆ ಹಾಡು ಮಾನ್ವಿ, ದೇವದುರ್ಗ, ಕವಿತಾಳದ ಮದುವೆಗಳಲ್ಲಿ ಓಡಿತು. ತಮ್ಮ ಗಂಡನ ಹೆಸರು ಹಾಕಿ ಮಾಡಿಕೊಡಿ ಎಂದು ಕೇಳಿಕೊಂಡು ಹೆಂಗಸರು ಈಗಲೂ ನಮ್ಮ ಮನೆಗೆ ಬರುತ್ತಾರೆ. ಅವನು ಅಲ್ಲಿ ತನ್ನೂರಲ್ಲಿ ಸ್ಟುಡಿಯೋ ಹಾಕಿದ್ದಾನೆ. ಗೋಡೆಯ ಮೇಲೆ ಅವ್ವ ಕೊಟ್ಟು ಕಳಿಸಿದ ಎರಡು ಕೌದಿ ಇವೆ. ಫೋನು ಮಾಡಿದಾಗ, “ಯವ್ವಾ, ಉಂಡ್ಯೇನು?” ಎಂದು ಈಗಲೂ ಮುದುಕಿಯ ಹಾಗೇ ಕೇಳುತ್ತಾನೆ.

ಅವ್ವ ಇವತ್ತಿಗೂ ಅಪ್ಪನ ಹೆಸರು ಹೇಳುವುದಿಲ್ಲ. ಮಧ್ಯಾಹ್ನ ರೊಟ್ಟಿ ಆದ ಮೇಲೆ ಒಲೆಯ ಪಕ್ಕದ ಫೋನಿನಲ್ಲಿ ಹಾಡು ಹಾಕುತ್ತಾಳೆ, ಅದೂ ಹೆಸರು ಬರುವ ಜಾಗದಿಂದಲೇ. ಯಾಕವ್ವಾ, ಆಯುಷ್ಯ ಎಂದು ನಾನು ಛೇಡಿಸಿದರೆ, “ನಾ ಎಲ್ಲಿ ಅಂದೀನಿ? ಮಿಷನ್ ಅಂತದ,” ಎನ್ನುತ್ತಾಳೆ. ಅಪ್ಪ ಅಂಗಳದಿಂದ ಓ ಎನ್ನುತ್ತಾನೆ, ಈಗ ಬಂದೆ ಎನ್ನುವುದನ್ನು ಬಿಟ್ಟಿದ್ದಾನೆ. ನಾನು ನನ್ನ ಗಂಡನನ್ನು ಭಾನುವಾರವಿಡೀ ಹೆಸರು ಹಿಡಿದು ಕರೆಯುತ್ತೇನೆ, ಅವರು ಒಂದಕ್ಕೂ ತಲೆ ಎತ್ತುವುದಿಲ್ಲ. ಅಪ್ಪ ಮಾತ್ರ ಕೈ ತೊಳೆದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹದಿನಾರೂ ಮುಗಿಯುವ ತನಕ ಓ ಎನ್ನುತ್ತಲೇ ಇರುತ್ತಾನೆ. ಅಷ್ಟರಲ್ಲಿ ರೊಟ್ಟಿ ಆರಿರುತ್ತದೆ. ಅವ್ವ ಬಿಸಿಯದೊಂದು ಬಡಿದು ಹಾಕುತ್ತಾಳೆ.